ಒಬ್ಬರೇ ಕೂತು ಕಟ್ಟೋದಾ, ಗುಂಪು ಸೇರೋದಾ? ಸ್ಕೇಲ್ ಮಾಡೆಲ್ ಹುಚ್ಚು ಹತ್ತಿದವರಿಗೆ ಹಾಸನದಿಂದ ಒಂದು ಲೆಕ್ಕ

ಜೂನ್ ಬಂತೆಂದರೆ ನನಗೆ ಎರಡು ವಿಷಯ ಖಾತ್ರಿ. ಒಂದು, ಸಕಲೇಶಪುರದ ಕಡೆಯಿಂದ ಬರುವ ನೆಂಟರ ಛತ್ರಿಯಿಂದ ನಮ್ಮ ಜಗಲಿ ತೊಪ್ಪೆಯಾಗುತ್ತದೆ. ಎರಡು, ಯಾರಾದರೂ ಬಂದು ಕೇಳುತ್ತಾರೆ: "ಮಳೇಲಿ ಹೊರಗೆ ಹೋಗೋಕಾಗಲ್ಲ. ವಿಮಾನ, ರೈಲು ಇಂಥವುಗಳ ಪುಟ್ಟ ಮಾಡೆಲ್ ಕಟ್ಟೋಕೆ ಶುರು ಮಾಡೋಣ ಅಂತಿದ್ದೀನಿ. ಒಬ್ಬನೇ ಕಲೀಲಾ, ನಿಮ್ಮ ಭಾನುವಾರದ ಗುಂಪಿಗೆ ಬರಲಾ?"

ಈ ವರ್ಷ ಮೂವರು ಕೇಳಿದರು. ಒಬ್ಬ ಹಾಸನದಲ್ಲಿ ಎಂಜಿನಿಯರಿಂಗ್ ಓದುವ ಹಾಸ್ಟೆಲ್ ಹುಡುಗ. ಇನ್ನೊಬ್ಬರು ಚಿಕ್ಕಮಗಳೂರಿನ ನಿವೃತ್ತ ಮೇಷ್ಟ್ರು, ರೈಲೆಂದರೆ ಪ್ರಾಣ. ಮತ್ತೊಬ್ಬರು ಮೂಡಿಗೆರೆ ಹತ್ತಿರ ತೋಟದಲ್ಲಿರುವ ತಾಯಿ. ಮಗಳಿಗೆ ಹನ್ನೆರಡು ವರ್ಷ, ಇಬ್ಬರೂ ಸೇರಿ ಕಲಿಯಬೇಕಂತೆ. ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಯಾಕೆ ಬೇರೆ ಅಂತ ಒಮ್ಮೆ ಬರೆದಿಟ್ಟರೆ ಮುಂದಿನ ಜೂನ್‌ಗೂ ಆಗುತ್ತದೆ, ಅಲ್ವಾ?

ನಾನು ಆರು ವರ್ಷ ಒಬ್ಬನೇ ಕಟ್ಟಿದವನು. ಈಗ ನಾಲ್ಕು ವರ್ಷದಿಂದ ಏಳೆಂಟು ಜನರ ಗುಂಪಿನಲ್ಲಿದ್ದೇನೆ. ಎರಡರಲ್ಲೂ ಸುಖ ಇದೆ, ಎರಡರಲ್ಲೂ ತಲೆನೋವಿದೆ.

ಮೊದಲು ಕೇಳಿಕೊಳ್ಳಬೇಕಾದ್ದು

ಎಲ್ಲಕ್ಕಿಂತ ಮುಖ್ಯ, ನೀವು ಕಟ್ಟಬೇಕು ಅಂದುಕೊಂಡಿರುವುದು ಎಷ್ಟು ದೊಡ್ಡದು ಅನ್ನೋದು. ಹೊಸಬರಿಗೆ ಸ್ಕೇಲ್ ಅಂದರೆ ಕೂಡಲೇ ಅರ್ಥವಾಗುವುದಿಲ್ಲ. ನಾನು ಗೊಮ್ಮಟನನ್ನು ಇಟ್ಟುಕೊಂಡು ಹೇಳುತ್ತೇನೆ. ಶ್ರವಣಬೆಳಗೊಳದ ಮೂರ್ತಿ ಸುಮಾರು 57 ಅಡಿ. ವಿಮಾನಗಳಿಗೆ ತುಂಬಾ ಬಳಸುವ 1:72 ಸ್ಕೇಲಿನಲ್ಲಿ, ಅಂದರೆ ನಿಜವಾದ ಅಳತೆಯನ್ನು 72ರಿಂದ ಭಾಗಿಸಿದರೆ, ಅದು 24 ಸೆಂ.ಮೀ. ಆಗುತ್ತದೆ, ಸ್ಕೂಲಿನ ಅಡಿಪಟ್ಟಿಗಿಂತ ಸ್ವಲ್ಪ ಗಿಡ್ಡ. ಟ್ಯಾಂಕ್‌ಗಳಿಗೆ ಬಳಸುವ 1:35ರಲ್ಲಿ ಸುಮಾರು ಅರ್ಧ ಮೀಟರ್. 1:144ರಲ್ಲಿ 12 ಸೆಂ.ಮೀ., ಅಂಗೈಯಲ್ಲಿ ನಿಲ್ಲಿಸಬಹುದು. ಅವನ ಪಾದದ ಬಳಿ ನಿಂತ ಐದೂಮುಕ್ಕಾಲು ಅಡಿಯ ಭಕ್ತ 1:72ರಲ್ಲಿ ಎರಡೂವರೆ ಸೆಂ.ಮೀ.ಯೂ ಇರುವುದಿಲ್ಲ. ಅವನಿಗೆ ಮುಖ ಬರೆಯಬೇಕು ಅಂದಾಗ ಗೊತ್ತಾಗುತ್ತದೆ ಈ ಹವ್ಯಾಸ ಏನು ಅಂತ.

ತೇಜಸ್ ವಿಮಾನದ ಉದ್ದ 13.2 ಮೀಟರ್. 1:72ರಲ್ಲಿ 18 ಸೆಂ.ಮೀ. ಚಿಲ್ಲರೆ, 1:48ರಲ್ಲಿ ಇಪ್ಪತ್ತೇಳೂವರೆ. ಎರಡಕ್ಕೂ ಮನೆಯ ಓದುವ ಮೇಜು ಸಾಕು. ರೈಲಿನ ಲೆಕ್ಕವೇ ಬೇರೆ. ಅದನ್ನು ಆಮೇಲೆ ಹೇಳುತ್ತೇನೆ.

ಎರಡನೆಯದು ಮನೆ. ಅಂಟು, ಥಿನ್ನರ್, ಸ್ಪ್ರೇ, ಇವೆಲ್ಲ ವಾಸನೆ ಬರುವ ಸಾಮಾನು. ಕಿಟಕಿ ತೆರೆಯಲಾಗದ ಕೋಣೆ, ಹಸುಗೂಸು, ದಮ್ಮು ಇರುವ ಅಪ್ಪ ಇದ್ದರೆ ಸ್ಪ್ರೇ ಕೆಲಸ ಮನೆಯಲ್ಲಿ ಆಗುವ ಮಾತಲ್ಲ. ಮೂರನೆಯದು ದುಡ್ಡು. ನಾಲ್ಕನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ: ಇನ್ನೊಬ್ಬರು ನಿಮ್ಮ ಕೆಲಸವನ್ನು ಕೈಯಲ್ಲಿ ಹಿಡಿದು ತಿರುಗಿಸಿ "ಇಲ್ಲಿ ಸಂದು ಕಾಣ್ತಿದೆಯಲ್ಲ" ಅಂದರೆ ನಿಮಗೆ ಹೇಗನ್ನಿಸುತ್ತದೆ? ಖುಷಿಯಾಗುತ್ತದಾ, ಊಟ ಸೇರುವುದಿಲ್ಲವಾ? ಈ ಒಂದು ಪ್ರಶ್ನೆಯ ಉತ್ತರದಿಂದಲೇ ಅರ್ಧ ನಿರ್ಧಾರ ಆಗಿಬಿಡುತ್ತದೆ.

ಒಬ್ಬರೇ ಕಟ್ಟುವುದು

ಇದರ ದೊಡ್ಡ ಲಾಭ ಹೊತ್ತು. ರಾತ್ರಿ ಊಟವಾದ ಮೇಲೆ ಮುಕ್ಕಾಲು ಗಂಟೆ ಸಿಕ್ಕಿತಾ? ಎರಡು ರೆಕ್ಕೆ ಅಂಟಿಸಿ ಮಲಗಬಹುದು. ಯಾರಿಗೂ ಫೋನ್ ಮಾಡಬೇಕಿಲ್ಲ, ಬಸ್ ಹಿಡಿಯಬೇಕಿಲ್ಲ. ಮಾಡೆಲ್ ಕೆಲಸದಲ್ಲಿ ಕಾಯುವುದೇ ಜಾಸ್ತಿ. ಅಂಟು ಒಣಗಬೇಕು, ಪ್ರೈಮರ್ ಒಣಗಬೇಕು, ಬಣ್ಣ ಒಣಗಬೇಕು. ದಿನಕ್ಕೆ ಸ್ವಲ್ಪ ಸ್ವಲ್ಪ ಮಾಡುವವರಿಗೆ ಆ ಕಾಯುವಿಕೆ ಗೊತ್ತೇ ಆಗುವುದಿಲ್ಲ. ತಿಂಗಳಿಗೊಮ್ಮೆ ನಾಲ್ಕು ಗಂಟೆ ಕೂರುವವರಿಗೆ ಅದೇ ದೊಡ್ಡ ಕಾಟ.

ಖರ್ಚೂ ಮೊದಮೊದಲು ಕಡಿಮೆ. ನಿಪ್ಪರ್ (ಪ್ಲಾಸ್ಟಿಕ್ ಕತ್ತರಿಸುವ ಸಣ್ಣ ಇಕ್ಕಳ), ಚಾಕು, ಚಿಮುಟ, ಪೇಂಟ್ ಅಂಗಡಿಯಲ್ಲಿ ಸಿಗುವ 400ರಿಂದ 2000 ನಂಬರಿನವರೆಗಿನ ವಾಟರ್ ಪೇಪರ್, ತೆಳು ಅಂಟಿನ ಒಂದು ಬಾಟಲಿ, ನಾಲ್ಕು ಬ್ರಶ್, ಆರು ಅಕ್ರಿಲಿಕ್ ಬಣ್ಣ. ನನಗೆ ಇದೆಲ್ಲ ಮೂರು ಸಾವಿರದೊಳಗೆ ಮುಗಿದಿತ್ತು. ಕಿಟ್, ಅಂದರೆ ಜೋಡಿಸಬೇಕಾದ ಬಿಡಿಭಾಗಗಳ ಡಬ್ಬ, ಅದರ ಬೆಲೆ ಬೇರೆ. ಅಂಟಿನ ಬಗ್ಗೆ ಒಂದು ಮಾತು. ಫೆವಿಕ್ವಿಕ್ ಹಾಕಿ ಇಡೀ ವಿಮಾನ ಜೋಡಿಸಬೇಡಿ. ಮಾಡೆಲ್ ಅಂಟು ಪ್ಲಾಸ್ಟಿಕ್ಕಿನ ಅಂಚನ್ನೇ ಕರಗಿಸಿ ಎರಡು ತುಂಡನ್ನು ಬೆಸೆಯುತ್ತದೆ. ಫೆವಿಕ್ವಿಕ್ ಸುಮ್ನೆ ನಡುವೆ ಕೂತು ಹಿಡಿದುಕೊಳ್ಳುತ್ತದೆ, ಪೆಟ್ಟು ಬಿದ್ದರೆ ಪಟ್ಟನೆ ಬಿಡುತ್ತದೆ. ಲೋಹದ ಸಣ್ಣ ಭಾಗಗಳಿಗೆ ಮಾತ್ರ ಅದು.

ಒಬ್ಬರೇ ಕಟ್ಟುವಾಗ ನಷ್ಟ ಎಲ್ಲಿ? ತಪ್ಪು ಗೊತ್ತಾಗುವುದಿಲ್ಲ. ಇದನ್ನು ನನ್ನ ಕಥೆಯಲ್ಲೇ ಹೇಳಬೇಕು.

ವಿಮಾನದ ಮೇಲಿನ ನಂಬರು, ಗುರುತುಗಳೆಲ್ಲ ಡೆಕಲ್ ರೂಪದಲ್ಲಿ ಬರುತ್ತವೆ. ನೀರಿನಲ್ಲಿ ಅರ್ಧ ನಿಮಿಷ ನೆನೆಸಿ, ಕಾಗದದಿಂದ ಜಾರಿಸಿ ಕೂರಿಸಬೇಕು. ನಾನು ಕೂರಿಸಿದ ಪ್ರತಿ ಡೆಕಲ್ಲಿನ ಸುತ್ತ ಮೀನಿನ ಹೊರಪೊರೆಯ ಹಾಗೆ ಬೆಳ್ಳಿ ಬಣ್ಣದ ಹೊಳಪು ಉಳಿಯುತ್ತಿತ್ತು. ನೀರು ಬದಲಿಸಿದೆ. ಬಿಸಿನೀರು ಮಾಡಿದೆ. ಡೆಕಲ್ ಮೆತ್ತಗಾಗಿಸುವ ದ್ರಾವಣ ತರಿಸಿ ಸುರಿದೆ. ಎರಡು ವರ್ಷ ಹೀಗೇ ಹೋಯಿತು. ಕಿಟ್ಟೇ ಸರಿ ಇಲ್ಲ ಅಂತ ಬೈದುಕೊಂಡೆ. ಗುಂಪಿಗೆ ಹೋದ ಮೊದಲ ಭಾನುವಾರ, ಸ್ಟಿಕ್ಕರ್ ಕಟಿಂಗ್ ಅಂಗಡಿ ಇಟ್ಟಿರುವ ಒಬ್ಬರು ನನ್ನ ವಿಮಾನವನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನೋಡಿದರು. "ಸಾರ್, ಕೆಳಗಿನ ಬಣ್ಣ ಮ್ಯಾಟ್ ಇದೆ, ಹೊಳಪಿಲ್ಲ. ಮೇಲ್ಮೈ ತರಿತರಿ. ಅದರ ಸಂದೀಲಿ ಗಾಳಿ ಕೂತಿದೆ. ಮೊದಲು ಹೊಳಪಿನ (ಗ್ಲಾಸಿ) ವಾರ್ನಿಶ್ ಹೊಡೀರಿ, ಆಮೇಲೆ ಡೆಕಲ್, ಕೊನೇಲಿ ಬೇಕಿದ್ರೆ ಮ್ಯಾಟ್." ಐದು ನಿಮಿಷ. ಅಷ್ಟೇ. ಎರಡು ವರ್ಷದ ಆ ತಪ್ಪು ಕಿಟ್ಟಿನದಲ್ಲ, ನನ್ನದೇ ಆಗಿತ್ತು.

ಇದೆಲ್ಲ ವಿಡಿಯೋದಲ್ಲೇ ಇದೆಯಲ್ಲ ಅನ್ನಬಹುದು. ಇದೆ. ಆದರೆ ಏನು ಹುಡುಕಬೇಕು ಅಂತ ಗೊತ್ತಿದ್ದರೆ ತಾನೆ?

ಇನ್ನೊಂದು ಕಷ್ಟ ನಮ್ಮ ಕಡೆಯ ಹವೆಯದು. ಹಾಸನ ಪಟ್ಟಣದಲ್ಲಿ ಪರವಾಗಿಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜುಲೈನಲ್ಲಿ ಥಿನ್ನರ್ ಬೆರೆಸುವ ಲ್ಯಾಕರ್ ಬಣ್ಣ ಹೊಡೆದು ನೋಡಿ. ಥಿನ್ನರ್ ಬೇಗ ಹಾರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ಪಸೆ ಅಲ್ಲೇ ಕೂರುತ್ತದೆ, ಕಪ್ಪು ಬಣ್ಣದ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಂಜು. ನೀರು ಬೆರೆಸುವ ಅಕ್ರಿಲಿಕ್ ಸಾಮಾನ್ಯವಾಗಿ ಹಾಗಾಗುವುದಿಲ್ಲ, ಆದರೆ ಒಣಗಲು ಸತಾಯಿಸುತ್ತದೆ. ಒಬ್ಬರೇ ಇರುವವರಿಗೆ ಇಲ್ಲಿ ಒಂದು ಅನುಕೂಲ ಇದೆ: ಬಿಸಿಲು ಬಿದ್ದ ದಿನ ನೋಡಿಕೊಂಡು ಬಣ್ಣ ಹೊಡೆಯಬಹುದು. ಗುಂಪಿನವರ ಭಾನುವಾರ ಮಳೆ ಕೇಳಿ ಬರುವುದಿಲ್ಲ.

ಹವೆಯ ಮಾತಿಗೆ ಇದೂ ಸೇರಲಿ. ನನ್ನ ಮೊದಲ ಡಯೊರಾಮಾಗೆ, ಅಂದರೆ ಮಾಡೆಲ್ ನಿಲ್ಲಿಸುವ ಪುಟ್ಟ ದೃಶ್ಯಕ್ಕೆ, ಮಣ್ಣು ಬೇಕಿತ್ತು. ಕಾಫಿ ನಾಡು, ಫಿಲ್ಟರಿನಲ್ಲಿ ಉಳಿಯುವ ಗಷ್ಟಿಗೇನು ಬರವಾ? ಒಂದು ದಿನ ಆರಿಸಿ, ಫೆವಿಕಾಲ್ ನೀರು ಹಾಕಿ ಹರಡಿದೆ. ನೋಡಲು ಥೇಟ್ ತೋಟದ ಮಣ್ಣು. ಹತ್ತು ದಿನಕ್ಕೆ ಬಿಳಿ ಬೂಸ್ಟು ಎದ್ದು ಟ್ಯಾಂಕಿನ ಚಕ್ರ ಮುಚ್ಚಿತು. ಹಿಮ ಬಿದ್ದ ರಷ್ಯಾ ಅಂತ ಹೆಸರು ಬದಲಿಸಿ ಪ್ರದರ್ಶನಕ್ಕೆ ಇಟ್ಟರಾಯಿತು ಅಂತ ಮನೆಯವರ ಸಲಹೆ. ಈಗ ಗಷ್ಟನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಗರಿಗರಿಯಾಗುವವರೆಗೆ ಹುರಿದು, ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ.

ಊರಿನಲ್ಲೇ ಗುಂಪು

ಮಾಡೆಲ್ ಕ್ಲಬ್ ಅನ್ನೋದು ಹೊಸದೇನಲ್ಲ. ಬ್ರಿಟನ್ನಿನಲ್ಲಿ 1963ರಲ್ಲೇ ಪ್ಲಾಸ್ಟಿಕ್ ಮಾಡೆಲ್ ಕಟ್ಟುವವರ ಸೊಸೈಟಿ ಹುಟ್ಟಿ, ಐಪಿಎಂಎಸ್ ಹೆಸರಿನಲ್ಲಿ ಎಷ್ಟೋ ದೇಶಗಳಿಗೆ ಹಬ್ಬಿತು. ನಮ್ಮದು ಅಂಥ ದೊಡ್ಡದಲ್ಲ. ಒಬ್ಬರ ಮನೆ ಮಹಡಿ, ನಾಲ್ಕು ಮೇಜು, ಒಂದು ಎಕ್ಸಾಸ್ಟ್ ಫ್ಯಾನ್, ತಿಂಗಳಿಗೆ ಎರಡು ಭಾನುವಾರ, ತಲಾ ಇನ್ನೂರು ರೂಪಾಯಿ.

ಆ ಇನ್ನೂರಕ್ಕೆ ಏನು ಸಿಗುತ್ತದೆ? ಮೊದಲನೆಯದು ಏರ್‌ಬ್ರಶ್, ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ. ಬ್ರಶ್ಶಿನಲ್ಲಿ ಬಳಿದ ಬಣ್ಣಕ್ಕೂ ಏರ್‌ಬ್ರಶ್ಶಿನ ಬಣ್ಣಕ್ಕೂ ಕೈರೊಟ್ಟಿಗೂ ನೀರುದೋಸೆಗೂ ಇರುವಷ್ಟು ಅಂತರ. 0.3 ಮಿ.ಮೀ. ಮೂತಿಯ ಡಬಲ್ ಆಕ್ಷನ್ ಏರ್‌ಬ್ರಶ್, ಟ್ಯಾಂಕ್ ಇರುವ ಕಂಪ್ರೆಸರ್, ನೀರು ಹಿಡಿಯುವ ಟ್ರ್ಯಾಪ್ ಸೇರಿ ನಮಗೆ ಹತ್ತು ಸಾವಿರದ ಮೇಲಾಯಿತು. ವರ್ಷಕ್ಕೆ ಮೂರು ಕಿಟ್ ಕಟ್ಟುವವನಿಗೆ ಅದನ್ನು ಒಬ್ಬನೇ ಕೊಳ್ಳುವುದು ದುಬಾರಿ. ಎಂಟು ಜನ ಹಂಚಿಕೊಂಡರೆ ಏನೂ ಅಲ್ಲ. ನೀರಿನ ಟ್ರ್ಯಾಪ್ ಮಾತ್ರ ನಮ್ಮ ಹವೆಗೆ ಬೇಕೇಬೇಕು. ಇಲ್ಲದಿದ್ದರೆ 15–20 ಪಿಎಸ್‌ಐ ಗಾಳಿ ಒತ್ತಡದಲ್ಲಿ ನಾಜೂಕಾಗಿ ಹೊಡೆಯುತ್ತಿರುವಾಗ ಪಚಕ್ಕಂತ ಒಂದು ಹನಿ ನೀರು ರೆಕ್ಕೆಯ ಮೇಲೆ.

ಎರಡನೆಯದು ಸಾಗಾಟ. ಟಾಮಿಯಾ, ಏರ್‌ಫಿಕ್ಸ್, ಹಸೆಗಾವಾ, ಅಕಾಡೆಮಿ, ಯಾವ ಕಂಪನಿಯ ಕಿಟ್ ಇದ್ದರೂ ಹಾಸನದ ಆಟಿಕೆ ಅಂಗಡಿಯಲ್ಲಿ ಕೇಳಿದರೆ ಮುಖ ನೋಡುತ್ತಾರೆ. ಹೊರಗಿನಿಂದಲೇ ತರಿಸಬೇಕು. ಒಂದು ಬಾಟಲಿ ವಾರ್ನಿಶ್‌ಗೆ ಅದರ ಅರ್ಧದಷ್ಟು ಕೊರಿಯರ್ ಕೊಟ್ಟಿದ್ದೂ ಇದೆ. ಬೆಂಕಿ ಹತ್ತುವ ಬಣ್ಣ, ಥಿನ್ನರ್‌ಗಳನ್ನು ಕೊರಿಯರ್‌ನವರು ಸಾಮಾನ್ಯವಾಗಿ ವಿಮಾನದಲ್ಲಿ ಕಳಿಸುವುದಿಲ್ಲ, ಹಾಗಾಗಿ ತಡವೂ ಆಗುತ್ತದೆ. ಗುಂಪಿನಲ್ಲಿ ಎಲ್ಲರದೂ ಸೇರಿಸಿ ಒಂದೇ ಆರ್ಡರ್. ಅಂಟೂ ಹಾಗೆಯೇ. 40 ಮಿ.ಲೀ. ಬಾಟಲಿ ಒಬ್ಬನ ಕೈಯಲ್ಲಿ ಬಳಸುವುದಕ್ಕಿಂತ ಆವಿಯಾಗುವುದೇ ಜಾಸ್ತಿ.

ಮೂರನೆಯದು ಕಣ್ಣು. ಅದರ ಬೆಲೆ ಡೆಕಲ್ ಕಥೆಯಲ್ಲಿ ಹೇಳಿಯಾಯಿತು.

ಈಗ ಇನ್ನೊಂದು ಮುಖ. ಗುಂಪಿನ ನಾಲ್ಕು ಗಂಟೆಯಲ್ಲಿ ಕೆಲಸ ನಡೆಯುವುದು ಒಂದೂವರೆ ಗಂಟೆ. ಉಳಿದದ್ದು ಕಾಫಿ, ಹರಟೆ, ಯಾರದೋ ಮಗಳ ಸೀಟು, ಆಲೂಗಡ್ಡೆ ರೇಟು. ನನಗದು ಇಷ್ಟವೇ. ಆದರೆ ವರ್ಷಕ್ಕೆ ಎಷ್ಟು ಮಾಡೆಲ್ ಮುಗಿಸಿದೆ ಅಂತ ಎಣಿಸಿದರೆ, ಒಬ್ಬನೇ ಇದ್ದಾಗ ಐದು, ಈಗ ಎರಡು. ಆ ಎರಡು ಮಾತ್ರ ಷೋಕೇಸಿನಲ್ಲಿವೆ. ಹಳೆಯ ಐದರಲ್ಲಿ ಮೂರು ಅಟ್ಟದಲ್ಲಿವೆ.

ಪ್ರತಿ ಗುಂಪಿನಲ್ಲೂ ಸಣ್ಣ ತಪ್ಪನ್ನೂ ಬಿಡದ, ರಿವೆಟ್ ಎಣಿಸುವವರು ಒಬ್ಬರು ಇರುತ್ತಾರೆ. ಹೊಸ ಹುಡುಗ ಆಸೆಯಿಂದ ಕಟ್ಟಿ ತಂದ ಮಿಗ್ ಯುದ್ಧವಿಮಾನ ನೋಡಿ, "ಈ ಸರಣಿಯಲ್ಲಿ ಆಂಟೆನಾ ಇಲ್ಲಿರಲಿಲ್ಲ" ಅನ್ನುತ್ತಾರೆ. ಮಾತು ನಿಜವೇ ಇರಬಹುದು. ಹುಡುಗ ಮಾತ್ರ ಮುಂದಿನ ಭಾನುವಾರ ಬರುವುದಿಲ್ಲ. ಸೇರುವ ಮುಂಚೆ ಒಂದು ದಿನ ಸುಮ್ನೆ ಹೋಗಿ ಕೂತು ನೋಡಿ. ಹೊಸಬರ ಕೆಲಸ ಕೈಗೆತ್ತಿಕೊಂಡಾಗ ಹಳಬರ ಮೊದಲ ಮಾತು ಏನು ಅಂತ ಗಮನಿಸಿ. ಬೇರೇನೂ ವಿಚಾರಿಸಬೇಕಿಲ್ಲ.

ದುಡ್ಡಿನ ವಿಷಯ ಬಾಯಿಮಾತಿನಲ್ಲಿ ಬಿಡಬೇಡಿ. ನಮ್ಮ ಮೊದಲ ಕಂಪ್ರೆಸರ್ ಸುಟ್ಟುಹೋದಾಗ ಯಾರ ಕೈಯಲ್ಲಿತ್ತು, ಯಾರು ಕೊಡಬೇಕು ಅಂತ ಎರಡು ತಿಂಗಳು ಮುನಿಸು ನಡೆಯಿತು. ಈಗ ಒಂದು ನೋಟ್‌ಬುಕ್ ಇದೆ. ಸಾಮಾನು ಯಾರ ಮನೆಯಲ್ಲಿದೆ, ಕೆಟ್ಟರೆ ಎಲ್ಲರ ಪಾಲೆಷ್ಟು, ಯಾರಾದರೂ ಊರು ಬಿಟ್ಟರೆ ಏನು, ಮೂರು ಸಾಲು. ಮುನಿಸು ನಿಂತಿತು.

ರೈಲಾದರೆ ಮಾತೇ ಬೇರೆ

ರೈಲಿನ ಮಾಡೆಲ್ ಅಂದರೆ ಎಂಜಿನ್ ಮಾತ್ರ ಅಲ್ಲ. ಹಳಿ, ಗುಡ್ಡ, ಸ್ಟೇಷನ್, ಸಿಗ್ನಲ್, ಎಲ್ಲ ಸೇರಿ. ನಮ್ಮ ಕಡೆಯವರಿಗೆ ರೈಲು ಅಂದ ಕೂಡಲೇ ಕಣ್ಣಿಗೆ ಬರುವುದು ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ. ಸುಮಾರು 55 ಕಿ.ಮೀ., 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ, 50ಕ್ಕೆ 1ರ ಏರು. 1979ರಲ್ಲಿ ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ) ಆಗಿ ಮುಗಿದ ಮಾರ್ಗ, ಆಮೇಲೆ ಬ್ರಾಡ್‌ಗೇಜ್ ಆಯಿತು. ಅದನ್ನು ಇದ್ದದ್ದು ಇದ್ದ ಹಾಗೆ 1:87ರ ಎಚ್‌ಒ ಸ್ಕೇಲಿನಲ್ಲಿ ಮಾಡಿದರೆ ಹಳಿ 630 ಮೀಟರ್ ಆಗುತ್ತದೆ. ಅಷ್ಟು ಉದ್ದದ ಮನೆ ಯಾರ ಹತ್ತಿರ ಇದೆ?

ಒಂದು ತುಣುಕು ಮಾಡೋಣ ಅಂದರೂ ಜಾಗದ ಲೆಕ್ಕ ಬಿಡುವುದಿಲ್ಲ. ಎಚ್‌ಒದಲ್ಲಿ ಬಿಗಿಯಾದ ತಿರುವಿಗೂ ಸುಮಾರು 46 ಸೆಂ.ಮೀ. ತ್ರಿಜ್ಯ ಬೇಕು. ಅಂದರೆ ರೈಲು ಸುತ್ತಿ ಬರಲು ನಾಲ್ಕಡಿ ಅಗಲದ ಮೇಜು. ಒಂದು ಹಳಿ ಇನ್ನೊಂದರ ಮೇಲೆ ದಾಟಬೇಕಾದರೆ ಏಳೂವರೆ ಸೆಂ.ಮೀ.ಯಷ್ಟು ಏರಬೇಕು. ನಮ್ಮ ಘಾಟಿಯ 50ಕ್ಕೆ 1ರ ಏರಿನಲ್ಲಿ ಅದಕ್ಕೆ ಮೂರೂಮುಕ್ಕಾಲು ಮೀಟರ್ ಹಳಿ, ಇಳಿಯಲು ಮತ್ತೆ ಅಷ್ಟೇ. 1:160ರ ಎನ್ ಸ್ಕೇಲಿನಲ್ಲಿ 28 ಸೆಂ.ಮೀ. ತಿರುವು ಸಾಕು, ಎರಡೂವರೆ ಅಡಿ ಅಗಲದ ಮೇಜಿನಲ್ಲಿ ಸುತ್ತಿಸಬಹುದು.

ಇನ್ನೊಂದು ತೊಡಕು ನಮ್ಮ ಗೇಜಿನದು. ಭಾರತದ ಬ್ರಾಡ್‌ಗೇಜ್ 1676 ಮಿ.ಮೀ. 1:87ರಲ್ಲಿ ಅದು 19 ಮಿ.ಮೀ. ಮೀರಬೇಕು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5 ಮಿ.ಮೀ., ಅದು ಹೊರದೇಶದ 1435 ಮಿ.ಮೀ. ಗೇಜಿಗೆ ಮಾಡಿದ್ದು. ಹಾಗಾಗಿ ನಮ್ಮ ಎಂಜಿನ್ ಅದರ ಮೇಲೆ ನಿಂತರೆ ಚಿಕ್ಕ ಚಪ್ಪಲಿ ಹಾಕಿಕೊಂಡ ದೊಡ್ಡ ಮನುಷ್ಯನ ಹಾಗೆ ಕಾಣುತ್ತದೆ. ಹೆಚ್ಚಿನವರು ಕಣ್ಣು ಮುಚ್ಚಿ ಒಪ್ಪಿಕೊಳ್ಳುತ್ತಾರೆ. ಒಪ್ಪದವರು ಹಳಿಯನ್ನೇ ಕೈಯಲ್ಲಿ ಮಾಡಿಕೊಳ್ಳಬೇಕು. ಅದು ವರ್ಷಗಟ್ಟಲೆ ಕೆಲಸ. ಹಳೆಯ ಮೀಟರ್ ಗೇಜ್ ಘಾಟಿ ಮಾಡುವವರಿಗೆ ಇಲ್ಲಿ ಅದೃಷ್ಟ: 1:87ರಲ್ಲಿ ಮೀಟರ್ ಗೇಜ್ ಹನ್ನೊಂದೂವರೆ ಮಿ.ಮೀ. ಆಗುತ್ತದೆ. 12 ಮಿ.ಮೀ. ಹಳಿ ತಯಾರಾಗಿಯೇ ಸಿಗುತ್ತದೆ.

ಹೀಗೆ ಜಾಗ, ಹಣ, ಮರಗೆಲಸ, ವೈರಿಂಗ್ ಎಲ್ಲ ಬೇಕಾಗುವುದರಿಂದ ರೈಲಿಗೆ ಗುಂಪೇ ಸರಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೂ ಒಂದು ಜಾಣ ದಾರಿ ಇದೆ, ತುಂಡು ತುಂಡಾಗಿ ಕಟ್ಟುವುದು. ಟಿ-ಟ್ರ್ಯಾಕ್ ಅನ್ನುವ ಪದ್ಧತಿಯಲ್ಲಿ ಎನ್ ಸ್ಕೇಲಿನ ಒಂದೊಂದು ತುಂಡು ಸುಮಾರು 31 ಸೆಂ.ಮೀ. ಅಗಲ. ಮನೆಯಲ್ಲಿ ಪುಸ್ತಕದ ಕಪಾಟಿನಲ್ಲಿ ಇಡಬಹುದು. ಸೇರಿದ ದಿನ ಎಲ್ಲರ ತುಂಡನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಹಳಿ ಸಿಕ್ಕಿಸಿದರೆ ರೈಲು ಓಡುತ್ತದೆ. ಕಟ್ಟುವುದು ಒಬ್ಬರೇ, ಓಡಿಸುವುದು ಎಲ್ಲರೂ. ಈ ಹವ್ಯಾಸದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ವ್ಯವಸ್ಥೆ ಇದೇ.

ಇದು ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದು. ಎಷ್ಟೋ ಕೈಗಳ ಕೆಲಸ. ಆದರೂ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ತಾವು ಕಡೆದ ಮದನಿಕೆಗಳಲ್ಲಿ ಹೆಸರು ಕೊರೆದು ಹೋಗಿದ್ದಾರೆ. ಸ್ಕೇಲ್ ಮಾಡೆಲ್ ಕೂಡ ಅಲ್ಲೇ ಇದೆ ನೋಡಿ. ಗರ್ಭಗುಡಿಯ ಮೇಲಿನ ಶಿಖರ ಈಗಿಲ್ಲ. ಆದರೆ ಮೆಟ್ಟಿಲುಗಳ ಅಕ್ಕಪಕ್ಕದ ಪುಟ್ಟ ಗುಡಿಗಳ ಮೇಲೆ ಶಿಖರ ಇದೆ. ದೊಡ್ಡದು ಹೇಗಿದ್ದಿರಬಹುದು ಅಂತ ಊಹಿಸುವವರು ಆ ಚಿಕ್ಕದನ್ನೇ ನೋಡುತ್ತಾರೆ. ಅದನ್ನು ನೋಡಿ ಬಂದ ಮೇಲೆ ನಮ್ಮ ಗುಂಪಿನಲ್ಲಿ ಪ್ರತಿ ತುಂಡಿನ ಅಡಿಯಲ್ಲಿ ಕಟ್ಟಿದವರ ಹೆಸರು, ತಾರೀಕು ಕೊರೆಯುವ ರೂಢಿ ಮಾಡಿಕೊಂಡೆವು. ಯಾರ ತುಂಡು ಯಾರದು ಅನ್ನುವ ಜಗಳವೂ ಅಲ್ಲಿಗೇ ಮುಗಿಯಿತು.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ನಮ್ಮ ಗುಂಪಿನ ಘಾಟಿ ಮಾಡೆಲ್ಲಿಗೆ ಒಬ್ಬರು ಸುರಂಗ ಮಾಡಲು ಒಪ್ಪಿಕೊಂಡರು. ಎಂಟು ತಿಂಗಳು ಆ ಸುರಂಗ ಮುಗಿಯಲಿಲ್ಲ. ಮದುವೆ ಸೀಸನ್ನು, ಮನೆ ಪೇಂಟಿಂಗು, ಕೊನೆಗೆ ಕೈ ನೋವು. ಅಷ್ಟು ದಿನ ನಮ್ಮ ರೈಲು ಘಾಟಿ ನಡುವಿನ ಎಡಕುಮರಿ ಸ್ಟೇಷನ್ನಿನಲ್ಲೇ ನಿಂತಿತ್ತು.

ಬೆಂಗಳೂರಿಗೆ ಹೋಗಿಬರುವುದು

ದೊಡ್ಡ ಊರಿನಲ್ಲಿ ದೊಡ್ಡ ಗುಂಪು, ನುರಿತವರು, ಸ್ಪರ್ಧೆ, ಪ್ರದರ್ಶನ ಎಲ್ಲ ಇರುತ್ತದೆ. ಹಾಸನದಿಂದ ಸುಮಾರು 185 ಕಿ.ಮೀ. ಶ್ರವಣಬೆಳಗೊಳ, ಕುಣಿಗಲ್ ಮೇಲೆ ಹೋಗುವ ನೇರ ರೈಲು ಮಾರ್ಗ 2017ರಲ್ಲಿ ಬಂದ ಮೇಲೆ ಹೋಗಿಬರುವುದು ಹಗುರಾಯಿತು. ಚಿಕ್ಕಮಗಳೂರಿನವರಿಗೆ ಇನ್ನೂ 60 ಕಿ.ಮೀ.ಯಷ್ಟು ಜಾಸ್ತಿ. ತಿಂಗಳಿಗೊಮ್ಮೆ ಇಡೀ ಭಾನುವಾರ ಇದಕ್ಕೇ ಮೀಸಲು. ಪ್ರಯಾಣ, ಊಟ, ಆಟೋ ಸೇರಿಸಿದರೆ ವರ್ಷದಲ್ಲಿ ಒಂದು ಒಳ್ಳೆಯ ಕಂಪ್ರೆಸರಿನ ದುಡ್ಡು. ಮೇಲೆ, ಮಾಡೆಲ್ ಒಯ್ಯುವ ಫಜೀತಿ. ನನ್ನ ಮರುತ್ ಯುದ್ಧವಿಮಾನದ ಮೂತಿಯ ಸೂಜಿಯಂಥ ಕೊಳವೆ, ಬಸ್ಸು ರಸ್ತೆಯ ಒಂದು ಉಬ್ಬು ಹಾರಿದಾಗ ಮುರಿದುಹೋಯಿತು.

ನನ್ನ ಲೆಕ್ಕದಲ್ಲಿ ಇದು ಮೊದಲ ಎರಡು ವರ್ಷದವರಿಗೆ ಬೇಡ. ಕೈ ಕುದುರಿ, ಸ್ಪರ್ಧೆಗೆ ಇಡುವ ಆಸೆ ಬಂದವರು ಹೋಗಲಿ. ಅದೂ ತಿಂಗಳಿಗೊಮ್ಮೆ ಅಲ್ಲ, ವರ್ಷಕ್ಕೆ ಎರಡು ಸಲ. ಹೋದಾಗ ಎಚ್‌ಎಎಲ್‌ನ ವಿಮಾನ ಸಂಗ್ರಹಾಲಯಕ್ಕೂ ಹೋಗಿ. ಮರುತ್ ಅಲ್ಲಿ ನಿಂತಿದೆ. 1961ರಲ್ಲಿ ಮೊದಲು ಹಾರಿದ ನಮ್ಮದೇ ಜೆಟ್. ಚಕ್ರದ ಗೂಡು, ಬಾಗಿಲ ಸಂದು, ಬಣ್ಣ ಮಾಸಿದ ರೀತಿ, ಎಲ್ಲವನ್ನೂ ಫೋಟೊ ತೆಗೆದುಕೊಳ್ಳಿ. ರೈಲಿನವರಿಗೆ ಮೈಸೂರಿನ ರೈಲ್ವೆ ಮ್ಯೂಸಿಯಂ ಇನ್ನೂ ಹತ್ತಿರ. ಒಂದು ದಿನ ಅಲ್ಲಿ ಅಳತೆ ಟೇಪು ಹಿಡಿದು ಓಡಾಡಿದರೆ ಹತ್ತು ಸಭೆಗಿಂತ ಜಾಸ್ತಿ ಕಲಿಯುತ್ತೀರಿ.

ಫೋನಿನೊಳಗಿನ ಗುಂಪು

ಇದು ಅಗ್ಗ, ಎಲ್ಲರ ಕೈಯಲ್ಲೂ ಇದೆ. ರಾತ್ರಿ ಹನ್ನೊಂದಕ್ಕೆ ಫೋಟೊ ಹಾಕಿದರೂ ಯಾರೋ ಒಬ್ಬರು ಉತ್ತರ ಕೊಡುತ್ತಾರೆ. ಆದರೆ ಫೋಟೊದಲ್ಲಿ ಮೇಲ್ಮೈಯ ತರಿ ಕಾಣುವುದಿಲ್ಲ, ಬಣ್ಣ ಎಷ್ಟು ತೆಳುವಾಗಿದೆ ಗೊತ್ತಾಗುವುದಿಲ್ಲ. ಥಿನ್ನರ್ ಬೆರೆಸಿದ ಬಣ್ಣ ಹಾಲಿನಷ್ಟು ತೆಳುವಾಗಿರಬೇಕು ಅನ್ನುತ್ತಾರೆ. ಯಾವ ಹಾಲು? ನಮ್ಮ ಡೈರಿಯದಾ, ಎಮ್ಮೆಯದಾ? ಒಮ್ಮೆ ಇನ್ನೊಬ್ಬರು ಕಲಸುವುದನ್ನು ಎದುರಿಗೆ ನೋಡಿದರೆ ಮುಗಿಯಿತು. ಬಸ್ಸೇ ಸರಿಯಾಗಿ ಬಾರದ ಊರಿನವರಿಗೆ ಮಾತ್ರ ಇದೇ ದೊಡ್ಡ ಆಸರೆ. ಸುಮ್ನೆ ತೆಗೆದುಹಾಕಲಾರೆ.

ಆ ಮೂವರಿಗೆ ಹೇಳಿದ್ದು

ಹಾಸ್ಟೆಲ್ ಹುಡುಗನಿಗೆ ಗುಂಪಿಗೆ ಬಾ ಅಂದೆ. ಕೋಣೆಯಲ್ಲಿ ಮೂವರು, ಸ್ಪ್ರೇ ಹೊಡೆದರೆ ವಾರ್ಡನ್ ಹೊರಗೆ ಹಾಕುತ್ತಾರೆ. ದುಡ್ಡೂ ಕಡಿಮೆ. ಅವನಿಗೆ ರಾಕೆಟ್ ಇಷ್ಟ. ಹಾಸನ ಅಂದರೆ 1982ರಿಂದ ಇಸ್ರೋದ ನಿಯಂತ್ರಣ ಕೇಂದ್ರದಿಂದ ಉಪಗ್ರಹಗಳಿಗೆ ಹುಕುಂ ಹೋಗುವ ಊರಲ್ವಾ, ಆ ಹುಚ್ಚು ಗಾಳಿಯಲ್ಲೇ ಇದೆ. ದುಬಾರಿ ಕಿಟ್ ಬೇಡ, ಚಾರ್ಟ್ ಪೇಪರಿನಲ್ಲಿ ಪಿಎಸ್‌ಎಲ್‌ವಿ ಮಾಡು ಅಂದೆ. 44 ಮೀಟರ್ ರಾಕೆಟ್, 1:100ರಲ್ಲಿ 44 ಸೆಂ.ಮೀ. ಮೊದಲ ಹಂತದ ವ್ಯಾಸ 2.8 ಮೀಟರ್, ಅಂದರೆ 28 ಮಿ.ಮೀ. ಕೊಳವೆ. ಸುತ್ತುವುದು, ಅಂಟಿಸುವುದು ಹಾಸ್ಟೆಲ್ಲಿನಲ್ಲಿ. ಪ್ರೈಮರ್, ಬಣ್ಣ ನಮ್ಮ ಮಹಡಿಯಲ್ಲಿ. ಒಟ್ಟು ಖರ್ಚು ಒಂದು ಸಿನಿಮಾ ಟಿಕೆಟ್ಟಿನಷ್ಟು.

ಮೂಡಿಗೆರೆಯ ತಾಯಿ-ಮಗಳಿಗೆ ಈಗಲೇ ಗುಂಪು ಬೇಡ ಅಂದೆ. ದೂರ, ಮಳೆ, ಘಾಟಿ ರಸ್ತೆ. ಮನೆಯಲ್ಲಿ ಇಬ್ಬರಿದ್ದಾರೆ, ಅದೇ ಒಂದು ಗುಂಪು. ಅಂಟು ಬೇಡದ, ಸಿಕ್ಕಿಸುವ ಕಿಟ್‌ನಿಂದ ಶುರು ಮಾಡಿ ಅಂದೆ. ಬಂದಾಯ್ ಕಂಪನಿಯ ಗನ್‌ಪ್ಲಾ ರೋಬೋಗಳು 1980ರಿಂದ ಬರುತ್ತಿವೆ. ಈಗಿನವು ಅಂಟಿಲ್ಲದೆ ಟಕ್ಕಂತ ಕೂರುತ್ತವೆ, ಪ್ಲಾಸ್ಟಿಕ್ಕಿಗೇ ಬಣ್ಣ ಇರುತ್ತದೆ. ವಾಸನೆ ಇಲ್ಲ, ಬೂಸ್ಟಿನ ಭಯ ಇಲ್ಲ. ನಿಪ್ಪರ್ ಮಾತ್ರ ಒಳ್ಳೆಯದು ತಗೊಳ್ಳಿ, ಅಗ್ಗದ್ದು ಕತ್ತರಿಸಿದ ಕಡೆ ಪ್ಲಾಸ್ಟಿಕ್ಕನ್ನು ಬಿಳಿಚಿಸುತ್ತದೆ. ಚಾಕು ಅಮ್ಮನ ಕೈಯಲ್ಲಿರಲಿ. ದಸರಾ ರಜೆಯಲ್ಲಿ ಮಳೆ ನಿಂತ ಮೇಲೆ ಒಂದು ಭಾನುವಾರ ಬನ್ನಿ, ಮುಗಿಸಿದ್ದನ್ನು ತಂದು ತೋರಿಸಿ ಅಂದೆ. ಗೊಂಬೆ ಕೂರಿಸುವ ಮನೆಯಂತೆ. ಈ ಸಲ ಪಟ್ಟದ ಗೊಂಬೆಗಳ ಪಕ್ಕ ಒಂದು ರೋಬೋನೂ ಕೂರುತ್ತದೆ ಅಂತ ಮಗಳು ಆಗಲೇ ತೀರ್ಮಾನ ಮಾಡಿದ್ದಾಳೆ.

ಮೇಷ್ಟ್ರ ವಿಷಯ ಕಷ್ಟವಾಯಿತು. ರೈಲು ಅಂದರೆ ಗುಂಪು ಅಂತ ನಾನೇ ಹೇಳುವವನು. ಆದರೆ ಅವರು ನಲವತ್ತು ವರ್ಷ ಇನ್ನೊಬ್ಬರ ತಪ್ಪು ತಿದ್ದಿದವರು, ತಿದ್ದಿಸಿಕೊಳ್ಳುವ ಅಭ್ಯಾಸ ಇಲ್ಲ. ಚಿಕ್ಕಮಗಳೂರಿನಿಂದ ತಿಂಗಳಿಗೆ ಎರಡು ಸಲ 60 ಕಿ.ಮೀ. ಬಂದುಹೋಗುವ ವಯಸ್ಸೂ ಅಲ್ಲ. ಕೊನೆಗೆ ಒಂದು ತುಂಡು ಮಾತ್ರ ಒಪ್ಪಿಕೊಳ್ಳಿ ಅಂದೆ. ಅಳತೆ ನಮ್ಮದು, ಒಳಗಿರುವುದೆಲ್ಲ ನಿಮ್ಮದು. ಮನೆಯಲ್ಲೇ ಕಟ್ಟಿ, ಮೂರು ತಿಂಗಳಿಗೊಮ್ಮೆ ಓಡಿಸಲು ಬನ್ನಿ. ಅವರು ಎರಡು ದಿನ ಯೋಚನೆ ಮಾಡಿ ಫೋನ್ ಮಾಡಿದರು. ಪ್ಲೈವುಡ್ ತಂದಾಗಿದೆಯಂತೆ. "ಆ ಸುರಂಗದವರ ಕಥೆ ಕೇಳಿದೆ. ನಾನು ಸೇತುವೆ ಮಾಡ್ತೀನಪ್ಪಾ. ಸೆಪ್ಟೆಂಬರ್ ಹದಿನೈದಕ್ಕೆ ಕೊಡ್ತೀನಿ, ಬರ್ಕೊ" ಅಂದರು. ಬರೆದುಕೊಂಡಿದ್ದೇನೆ.